ಅಕ್ಕೋರ ಸಾಲು

ಅಕ್ಕೋರ ಕೈಗೆ ಸ್ಟೀಲ್ ಲೋಟ ಬಂತೆಂದರೆ ನಾವು ಮೂವರೂ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದೆವು. ಅದು ನೀರು ಕುಡಿಯುವ ಲೋಟವಲ್ಲ. ಹಾಡು ನಡೆದಿರುವಾಗ ಯಾರಾದರೂ ದಾರಿ ತಪ್ಪಿದರೆ ಅದರ ತಳದಿಂದ ಮರದ ಟೇಬಲ್ಲಿಗೆ ಒಂದು ಏಟು ಬೀಳುತ್ತಿತ್ತು. ಆ ಟೇಬಲ್ಲು ಈಗ ನನ್ನ ಮನೆಯಲ್ಲಿದೆ. ಅವರು ತೀರಿಕೊಂಡ ಮೇಲೆ ಬಾಡಿಗೆ ಮನೆ ಖಾಲಿ ಮಾಡಿಸುವಾಗ ಕೇಳಿ ತಂದೆ. ಮೇಲೆಲ್ಲ ಅರ್ಧಚಂದ್ರದಂಥ ಗುರುತುಗಳು. ಹೆಂಡತಿ ಅದರ ಮೇಲೆ ಬಟ್ಟೆ ಹಾಸೋಣ ಎಂದಳು, ನಾನು ಬೇಡ ಎಂದೆ. ಗುರುತುಗಳಲ್ಲಿ ಬಹುಪಾಲು ನನ್ನ ತಪ್ಪಿಗೆ ಬಿದ್ದವು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಕರೆಯುವ ಹಾಗೆ ಅಕ್ಕೋರು, ಅಷ್ಟೇ. ಹೊಗಳಿಕೆ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಸಿಂದಗಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತ, ನಾನು ಕನ್ನಡ. ಅವರ ನಿವೃತ್ತಿಯ ದಿನ ಹೆಡ್‌ಮಾಸ್ತರರು ಎದ್ದು ನಿಂತು ‘ಗಣಿತ ಲೋಕದ ಧ್ರುವತಾರೆ’ ಎಂದು ಶುರು ಮಾಡಿದ್ದೇ ತಡ, ವೇದಿಕೆಯ ಮೇಲೆ ಕೂತಿದ್ದ ಅಕ್ಕೋರು, “ಸಾಕ್ರಿ ಸರ, ಹುಡುಗ್ರು ಬಿಸಲಾಗ ಕುಂತಾವ,” ಎಂದರು. ಭಾಷಣ ಅಲ್ಲಿಗೇ ಮುಗಿಯಿತು. ಶಾಲು ಹೊದಿಸಲು ಬಂದವರಿಗೆ, “ನನಗ ಚಳಿ ಇಲ್ಲ,” ಎಂದು ಹೇಳಿ ಮನೆಗೆ ನಡೆದರು.

ನನ್ನನ್ನು ಅವರು ಹಿಡಿದದ್ದು ನಾನು ಬಸವನ ಬಾಗೇವಾಡಿ ಕಡೆಯಿಂದ ವರ್ಗವಾಗಿ ಬಂದ ಮೊದಲ ವಾರದಲ್ಲೇ. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಹಾಡುವುದನ್ನು ಕೇಳಿದ್ದರಂತೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಭಜನೆ ನಡೆಯುತ್ತದೆ, ಕಂಠದ ಬಗ್ಗೆ ನನಗೂ ಒಂದಿಷ್ಟು ಹಮ್ಮು ಇತ್ತು. ಮೆಚ್ಚುಗೆಯ ಮಾತು ಬರುತ್ತದೆಂದು ನಗುತ್ತ ನಿಂತೆ.

“ಸರ, ನೀವು ಪಕ್ಕದವರ ಧ್ವನಿ ಹಿಡಕೊಂಡು ಹಾಡ್ತೀರಿ,” ಎಂದರು. “ಅವರು ಎಲ್ಲಿ ಹೋಗ್ತಾರ ಅಲ್ಲಿ ಹೋಗ್ತೀರಿ. ಅದೊಂದು ರೋಗ. ಶನಿವಾರ ಸಾಲಿ ಬಿಟ್ಟ ಮ್ಯಾಲ ಮನಿಗಿ ಬರ್ರಿ.”

ಬರುತ್ತೀರಾ ಎಂದು ಕೇಳಲಿಲ್ಲ. ನಾನು ಹೋದೆ. ಹಾಗೆ ಹೋದವನು ಒಂಬತ್ತು ವರ್ಷ ಪ್ರತಿ ಶನಿವಾರ ಹೋಗುತ್ತಲೇ ಇದ್ದೆ.

ಅವರು ಹುಡುಗಿಯಾಗಿದ್ದಾಗ ದೂರದ ಒಂದು ಮಿಶನ್ ಹಾಸ್ಟೆಲ್ಲಿನಲ್ಲಿ ಓದಿದವರು. ಅಲ್ಲಿಯ ವಯಸ್ಸಾದ ವಾರ್ಡನ್ ಹನ್ನೆರಡು ಹುಡುಗಿಯರಿಗೆ ಯುರೋಪಿನ ಹಳೆಯ ಪ್ರಾರ್ಥನಾ ಸಂಗೀತ ಕಲಿಸಿದ್ದರು. ಸುಮಾರು ಐದು ನೂರು ವರ್ಷ ಹಿಂದಿನ ಸಂಗೀತ. ವಾದ್ಯವಿಲ್ಲ, ತಾಳವಿಲ್ಲ, ಬರೀ ನಾಲ್ಕು ಧ್ವನಿಗಳು. ನಾಲ್ಕೂ ಬೇರೆ ಬೇರೆ ದಾರಿಯಲ್ಲಿ ನಡೆಯುತ್ತವೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಒಂದು ಹೊರಟ ಮೇಲೆ ಇನ್ನೊಂದು ಹೊರಡುತ್ತದೆ, ಕಡೆಗೆ ಎಲ್ಲವೂ ಒಂದೇ ನೆಲೆಗೆ ಬಂದು ನಿಲ್ಲುತ್ತವೆ. ಪದಗಳು ಅದಕ್ಕಿಂತಲೂ ಹಳೆಯವು. ಮಧ್ಯಯುಗದ ಸಂನ್ಯಾಸಿಗಳು ಲ್ಯಾಟಿನ್ ಭಾಷೆಯಲ್ಲಿ ಬರೆದ ಪದ್ಯಗಳು. ಅಕ್ಕೋರ ಬಳಿ ಅವನ್ನೆಲ್ಲ ಕನ್ನಡ ಅಕ್ಷರದಲ್ಲಿ, ಸ್ವರದ ಸಮೇತ, ನೀಲಿ ಶಾಯಿಯಲ್ಲಿ ಬರೆದಿಟ್ಟುಕೊಂಡ ಒಂದು ನೋಟ್‌ಬುಕ್ ಇತ್ತು. ಹಾಸ್ಟೆಲ್ಲು ಮುಚ್ಚಿತು, ವಾರ್ಡನ್ ಸತ್ತರು, ಹನ್ನೆರಡು ಹುಡುಗಿಯರು ಹನ್ನೆರಡು ಕಡೆ ಹೋದರು. ನೋಟ್‌ಬುಕ್ ಮಾತ್ರ ಉಳಿಯಿತು.

ಅದರ ಕೊನೆಯ ಪುಟಗಳಲ್ಲಿ ಒಂದು ಜೋಗುಳ ಇತ್ತು. ಕ್ರಿಸ್‌ಮಸ್ಸಿನ ಹಾಡು. ತಾಯಿ ಕೊಟ್ಟಿಗೆಯಲ್ಲಿ ಮಗುವನ್ನು ಮಲಗಿಸುತ್ತಿದ್ದಾಳೆ. ಆ ಮಗು ದೊಡ್ಡದಾಗಿ ಹೇಗೆ ಸಾಯುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತಿದೆ. ಗೊತ್ತಿದ್ದೂ ಮಲಗು ಎನ್ನುತ್ತಾಳೆ. ಮೂರು ಚರಣ, ಅಷ್ಟೇ. ಹಾಸ್ಟೆಲ್ಲಿನಲ್ಲಿ ಗಂಡಸರು ಇರಲಿಲ್ಲವಾದ್ದರಿಂದ ಕೆಳಗಿನ ಧ್ವನಿಯನ್ನು ವಾರ್ಡನ್ ಹಾರ್ಮೋನಿಯಂ ಮೇಲೆ ನುಡಿಸುತ್ತಿದ್ದರಂತೆ. “ಹಾರ್ಮೋನಿಯಂ ಉಸರ ಆಡ್ತೈತಿ, ಖರೆ. ಆದ್ರ ಅದಕ್ಕ ಮಗು ಸಾಯ್ತೈತಿ ಅನ್ನೂದು ಗೊತ್ತಿಲ್ಲ,” ಎನ್ನುತ್ತಿದ್ದರು ಅಕ್ಕೋರು. ಅಂದರೆ ನಲವತ್ತು ವರ್ಷ ಎದೆಯಲ್ಲಿಟ್ಟುಕೊಂಡ ಹಾಡನ್ನು ಅವರು ಒಮ್ಮೆಯೂ ಪೂರ್ತಿಯಾಗಿ ಕೇಳಿರಲಿಲ್ಲ. ನಾಲ್ಕು ಮನುಷ್ಯರು, ಒಂದು ಕ್ರಿಸ್‌ಮಸ್ಸು, ಜನರ ಮುಂದೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ. ಮೇಲಿನ ಧ್ವನಿ ತಮ್ಮದು. ಅವರಿಗೆ ಬೇಕಿದ್ದದ್ದು ಇಷ್ಟೇ.

ಕೆಳಗಿನ ಧ್ವನಿ ಅವರಿಗೆ ಸಿಕ್ಕಿದ್ದು ಆಲಮೇಲದಲ್ಲಿ. ಯಾರದೋ ಮನೆಗೆ ಹೋದವರು ಮೊಹರಮ್ಮಿನ ದಿನ ಬಸ್ಸಿಗೆ ಕಾಯುತ್ತಿದ್ದಾಗ ಕರ್ಬಲಾದ ಕಥೆಯ ರಿವಾಯತ್ ಪದ ಹಾಡುವವರ ಮೇಳ ಎದುರಾಗಿದೆ. ಅದರಲ್ಲಿ ಒಬ್ಬನ ಧ್ವನಿ ನೆಲದೊಳಗಿಂದ ಬಂದ ಹಾಗೆ ಕೇಳಿಸಿತಂತೆ. ಬಸ್ಸು ಬಿಟ್ಟು ಅವನ ಹಿಂದೆ ಹೋಗಿದ್ದಾರೆ. ಲಾಲಸಾಬ್ ಎಂಬ ದರ್ಜಿ. ಮರುದಿನ ಅವನ ಅಂಗಡಿಗೆ ಹೋಗಿ, “ನೀ ಒಂದ ಸ್ವರಾ ಹಿಡದ ನಿಂದ್ರು, ನಾ ಬ್ಯಾರೆ ಹಾಡ್ತೇನಿ, ನೀ ಬಿಡಬ್ಯಾಡ,” ಎಂದರು. ಲಾಲಸಾಬ್ ಕತ್ತರಿ ಕೆಳಗಿಟ್ಟ.

“ಅಕ್ಕೋರ, ನೀವೊಂದು ಕಡಿ ನಾನೊಂದು ಕಡಿ ಹ್ವಾದ್ರ ಅದು ಹಾಡಲ್ರಿ, ಜಗಳಾ.”

“ಜಗಳದಾಗ ಒಬ್ಬರ ಮಾತು ಒಬ್ಬರು ಕೇಳೂದಿಲ್ಲ. ಇದರಾಗ ಕೇಳಬೇಕು. ಅಷ್ಟ ಫರಕ.”

ಅಕ್ಕೋರು ತಿಳಿಸಿದ ಜೋಗುಳದ ಅರ್ಥವನ್ನು ನಾನು ಕನ್ನಡದಲ್ಲಿ ಬರೆದು ಲಾಲಸಾಬ್‌ಗೆ ಓದಿ ಹೇಳಿದೆ. “ನಮ್ಮ ಪದದಾಗೂ ತಾಯಿ ಅದಾಳ್ರಿ,” ಎಂದ. “ಆರು ತಿಂಗಳ ಕೂಸು, ನೀರಿಲ್ಲದ ಹೋಗ್ತೈತಿ. ನಾ ಅದನ್ನ ಹಾಡೂಮುಂದ ಕಣ್ಣ ಮುಚಗೊಂಡಿರ್ತೇನಿ.” ಅಂದಿನಿಂದ ಅವನು ಶನಿವಾರ ತಪ್ಪಿಸಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದ.

ಎರಡನೆಯ ಧ್ವನಿ ಕರುಣಾ, ತಾಳಿಕೋಟೆಯ ಹುಡುಗಿ, ಸಿಂದಗಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳಿಗೆ ಅಕ್ಕೋರ ಹೆದರಿಕೆ ಇರಲಿಲ್ಲ. ನಮ್ಮಲ್ಲಿ ಲೋಟಕ್ಕೆ ಎದುರು ಮಾತಾಡುತ್ತಿದ್ದವಳು ಅವಳೊಬ್ಬಳೇ. ಮೂರನೆಯದು ನಾನು.

ಅಭ್ಯಾಸ ನಡೆಯುತ್ತಿದ್ದ ರೀತಿ ನೋಡಿದವರು ನಮಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಲಾಲಸಾಬ್‌ನನ್ನು ಅಡುಗೆಮನೆಯಲ್ಲಿ, ನನ್ನನ್ನು ಹಿತ್ತಲ ಬಾಗಿಲಲ್ಲಿ, ಕರುಣಾಳನ್ನು ಪಡಸಾಲೆಯಲ್ಲಿ, ಮೂವರನ್ನೂ ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು. ಕಾರಣ ಇತ್ತು. ನಮಗೆ ಒಂದು ಹುಟ್ಟುಗುಣ ಅಂಟಿಕೊಂಡಿತ್ತು, ಅದನ್ನು ಬಿಡಿಸಲು ಅವರಿಗೆ ಎಂಟು ವರ್ಷ ಹಿಡಿಯಿತು. ಭಜನೆಯಲ್ಲಾಗಲಿ ರಿವಾಯತ್‌ನಲ್ಲಾಗಲಿ ಮುಂದೆ ಹಾಡುವವನ ಉಸಿರು ಸೋತರೆ ಹಿಂದಿನವರು ಕೂಡಲೇ ಅವನ ಸಾಲನ್ನು ಎತ್ತಿಕೊಳ್ಳುತ್ತಾರೆ. ಪದ ನೆಲಕ್ಕೆ ಬೀಳಬಾರದು. ಅದು ನಮ್ಮ ಕಡೆಯ ಮರ್ಯಾದೆ, ಹಾಡುವವನ ಮಾನ ಕಾಯುವ ಕೆಲಸ. ಯಾರೂ ಕಲಿಸಬೇಕಿಲ್ಲ, ಕಾಲು ಎಡವಿದಾಗ ಕೈ ಮುಂದೆ ಹೋಗುವ ಹಾಗೆ ಬಾಯಿ ತಾನೇ ಹೋಗುತ್ತದೆ. ಅಕ್ಕೋರ ಸಂಗೀತದಲ್ಲಿ ಅದೇ ದೊಡ್ಡ ಅಪರಾಧ.

“ಬಿದ್ದಾವರನ್ನ ಎತ್ತಾಕ ಬರಬ್ಯಾಡ್ರಿ,” ಎಂದು ಲೋಟ ಬಡಿಯುತ್ತಿದ್ದರು. “ನಿಮ್ಮ ನಿಮ್ಮ ಸಾಲಿನಾಗ ನಡೀರಿ. ನೀವು ಮೂವರು ನಡದ್ರ ಬಿದ್ದಾವಗ ತಿರುಗಿ ಬರಾಕ ಜಾಗಾ ಇರ್ತೈತಿ. ನೀವೂ ಅಲ್ಲೇ ಬಂದ್ರ ಅವ ಎಲ್ಲಿ ಕಾಲಿಡಬೇಕು?”

ಅವರ ಹಿತ್ತಲಿಗೆ ಅಂಟಿಕೊಂಡೇ ಮಲ್ಲಪ್ಪ ಎಂಬುವನ ಜೋಳದ ಹೊಲವಿತ್ತು. ಅವನು ಬದುವಿನ ಮೇಲೆ ಕೂತು ನಮ್ಮ ಹಾಡು ಕೇಳುತ್ತಿದ್ದ, ಬೀಡಿ ಆರಿದ್ದೂ ಗೊತ್ತಾಗದ ಹಾಗೆ. ಒಂದು ದಿನ, “ಅಕ್ಕೋರ, ಇದು ಯಾವಾಗ ಒಂದ ಆಗ್ತೈತ್ರಿ? ಇನ್ನೂ ನಾಕ ಅದಾವಲ್ರಿ,” ಎಂದು ಕೂಗಿದ. ಅಕ್ಕೋರು ಬಾಗಿಲಿಗೆ ಬಂದು ಅವನ ಕೂರಿಗೆಯನ್ನೇ ತೋರಿಸಿದರು. ಬೀಜ ಬಿತ್ತುವ ನಾಲ್ಕು ತಾಳಿನ, ಅಂದರೆ ನಾಲ್ಕು ಕೊಳವೆಯ ಕೂರಿಗೆ, ಒಂದೊಂದು ತಾಳಿನಿಂದ ಒಂದೊಂದು ಸಾಲಿಗೆ ಕಾಳು ಇಳಿಯುತ್ತದೆ.

“ಮಲ್ಲಪ್ಪ, ಬಿತ್ತೂಮುಂದ ಒಂದ ತಾಳಿನ ಬಾಯಿ ಮಣ್ಣ ಕಟ್ಟಿದ್ರ ಉಳದ ಮೂರು ತಾಳ ಅದರ ಸಾಲಿಗಿ ಹೋಗಿ ಬಿತ್ತತಾವೇನು?”

“ಹೋಗಂಗಿಲ್ರಿ. ತಮ್ಮ ಸಾಲ ತಾವು ಬಿತ್ತತಾವ.”

“ಇವರಿಗಿ ಅಷ್ಟ ಬುದ್ಧಿ ಇಲ್ಲ ನೋಡು,” ಎಂದು ನಮ್ಮ ಕಡೆ ಕೈ ಮಾಡಿದರು. ಮಲ್ಲಪ್ಪ ಬಿದ್ದು ಬಿದ್ದು ನಕ್ಕ. ಆಮೇಲೆ ನಮ್ಮ ನಾಲ್ಕು ಧ್ವನಿಗಳನ್ನೂ ಅವನು ಸಾಲು ಎಂದೇ ಕರೆಯುತ್ತಿದ್ದ.

ಆಮೇಲಾಮೇಲೆ ಗೋಡೆ ಬಿಡಿಸಿ ಎದುರಿಗೆ ನಿಲ್ಲಿಸಿಕೊಂಡರು, ನಮ್ಮನ್ನು ಪಳಗಿಸಲು ಬೇಕೆಂದೇ ಬೀಳುತ್ತಿದ್ದರು. ಹಾಡು ನಡೆದಿರುವಾಗ ಥಟ್ಟನೆ ನಿಲ್ಲಿಸಿಬಿಡುವುದು. ನಿಂತಾಗ ಬಲಗೈಯ ಒಂದು ಬೆರಳು ಎತ್ತುತ್ತಿದ್ದರು. ಅದರ ಅರ್ಥ: ಇರಿ, ಬರುತ್ತೇನೆ. ನಾವು ಮೂವರೂ ನಮ್ಮ ಸಾಲು ಬಿಡದೆ ನಡೆದರೆ ಎರಡು ಉಸಿರಿನ ನಂತರ ಅವರು ಸರಿಯಾಗಿ ತಮ್ಮ ಜಾಗಕ್ಕೆ ಬಂದು ಸೇರುತ್ತಿದ್ದರು. ಯಾರಾದರೂ ಅವರ ಸಾಲಿಗೆ ಜಾರಿದರೆ ಲೋಟ. ಎಂಟನೆಯ ವರ್ಷದ ಹೊತ್ತಿಗೆ ನಾವು ಜಾರುವುದು ನಿಂತಿತು. ಒಂಬತ್ತನೆಯ ವರ್ಷ, ಆಗಸ್ಟಿನ ಒಂದು ಶನಿವಾರ, ಅಕ್ಕೋರು ಲೋಟವನ್ನು ತೊಳೆದು ಅಡುಗೆಮನೆಯಲ್ಲಿ ಬೋರಲು ಹಾಕಿ ಬಂದರು. “ಈ ಸಲ ಕ್ರಿಸ್‌ಮಸ್ಸಿಗೆ ಹಾಡೂಣು,” ಎಂದರು.

ಸಿಂದಗಿಯ ಪ್ರಾರ್ಥನಾ ಮಂದಿರ ಚಿಕ್ಕದು. ಇಂಡಿ ಊರಿನಿಂದ ಬಂದುಹೋಗುವ ಪಾಸ್ಟರು ಒಳ್ಳೆಯ ಮನುಷ್ಯರು, ಆದರೆ ಅವರಿಗೆ ಕೀಬೋರ್ಡಿನ ಚಿಂತೆ. “ವಾದ್ಯ ಇಲ್ದ ಅರ್ಧ ತಾಸು ಅಂದ್ರ ಮಂದಿ ಎದ್ದ ಹೋಗ್ತಾರ್ರಿ ಅಕ್ಕೋರ,” ಎಂದು ಕೈ ಹಿಸುಕಿಕೊಂಡರು. “ಹೋಗಾವ್ರು ಹೋಗಲಿ. ಬಾಗಲಾ ತಗದ ಇಡ್ರಿ,” ಎಂದರು ಅಕ್ಕೋರು. ಕ್ರಿಸ್‌ಮಸ್ ದಿನ ಸಂಜೆ ಐದಕ್ಕೆ, ಕೀಬೋರ್ಡಿನ ಕಾರ್ಯಕ್ರಮಕ್ಕಿಂತ ಮೊದಲು, ನಮಗೆ ಅರ್ಧ ತಾಸು ಸಿಕ್ಕಿತು. ಐದು ಹಾಡು. ಕೊನೆಯದು ಜೋಗುಳ.

ಅಕ್ಟೋಬರಿನಲ್ಲಿ ಅಕ್ಕೋರು ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಳ್ಳಲು ಶುರು ಮಾಡಿದರು. ಚಳಿಗಿರಬೇಕು ಎಂದುಕೊಂಡೆವು, ಚಳಿ ಇನ್ನೂ ಬಿದ್ದಿರಲಿಲ್ಲವಾದರೂ. ಕರುಣಾ ಒಂದು ಶನಿವಾರ ಹಾಡಿನ ನಡುವೆಯೇ ಅವರ ಹತ್ತಿರ ಹೋಗಿ ಸ್ಕಾರ್ಫ್ ಎಳೆದು ತೆಗೆದಳು. ಗಂಟಲಿನ ಎಡಗಡೆ ಲಿಂಬೆಹಣ್ಣಿನಷ್ಟು ಗಂಟು. ಅವಳೇ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಪರೀಕ್ಷೆ ಮಾಡಿ ನೇರವಾಗಿ ಹೇಳಿದರಂತೆ: ಕೆಟ್ಟ ಗಂಟು, ಧ್ವನಿಯ ನರಕ್ಕೆ ಅಂಟಿಕೊಂಡಿದೆ, ಹದಿನೈದು ದಿನದೊಳಗೆ ತೆಗೆಯಬೇಕು, ತೆಗೆದರೆ ಧ್ವನಿ ಹೋಗುತ್ತದೆ.

ಅಕ್ಕೋರು ಕ್ಯಾಲೆಂಡರ್ ನೋಡಿದರು. ಕ್ರಿಸ್‌ಮಸ್ಸಿಗೆ ಏಳು ವಾರ ಇತ್ತು.

“ಜನವರಿ ಮದಲನೇ ವಾರ ಬರ್ತೇನಿ,” ಎಂದು ಡಾಕ್ಟರಿಗೆ ಹೇಳಿ ಎದ್ದು ಬಂದರು.

ಕರುಣಾ ಅವರ ಮನೆಯ ಪಡಸಾಲೆಯಲ್ಲಿ ನಿಂತು ಕೂಗಾಡಿದಳು. ಅಷ್ಟು ಸಿಟ್ಟು ಅವಳಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. “ನೀವು ಸಾಯಾಕ ಹೊಂಟೀರಿ, ನಾವು ತಾಳಾ ಹಾಕ್ಕೋಂತ ಕುಂದ್ರೂದೇನು? ನಾ ಬರಂಗಿಲ್ಲ. ಎರಡನೇ ಧ್ವನಿ ಇಲ್ದ ಹ್ಯಾಂಗ ಹಾಡ್ತೀರಿ ನೋಡ್ತೇನಿ,” ಎಂದಳು. ಅವಳು ಮುಗಿಸಿದ ಮೇಲೆ ಅಕ್ಕೋರು, “ಆಪರೇಷನ್ ಮಾಡಿದ್ರ ನಾ ಉಳೀತೇನಿ ಅಂತ ಆ ಡಾಕ್ಟರ್ ಹೇಳ್ಯಾನೇನು?” ಎಂದು ಕೇಳಿದರು. “ಹೇಳಿಲ್ಲ. ಧ್ವನಿ ಹೋಗ್ತೈತಿ ಅಂತ ಮಾತ್ರ ಖಾತ್ರಿ ಹೇಳ್ಯಾನ. ನಾ ಖಾತ್ರಿ ಇದ್ದದ್ದರ ಲೆಕ್ಕಾ ಹಿಡದೇನಿ.”

ಕರುಣಾ ಒಂದು ವಾರ ಬರಲಿಲ್ಲ, ಆಮೇಲೆ ಬಂದಳು. ನಾನು ಆ ದಿನ ಏನು ಹೇಳಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ಇಲ್ಲ. ನಾನು ಬಾಯಿ ಬಿಡಲಿಲ್ಲ. ಅವರನ್ನು ತಡೆಯುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಒಂಬತ್ತು ವರ್ಷ ಕಲಿತ ಹಾಡು, ನನಗೂ ಅದನ್ನು ಜನರ ಮುಂದೆ ಹಾಡಬೇಕಿತ್ತು. ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಕ್ರಿಸ್‌ಮಸ್ ಸಂಜೆ ಮಂದಿರ ತುಂಬಿತ್ತು. ಬಣ್ಣದ ಕಾಗದ, ಬಾಗಿಲಿಗೆ ನಕ್ಷತ್ರದ ಆಕಾರದ ಆಕಾಶಬುಟ್ಟಿ, ಮೂಲೆಯಲ್ಲಿ ಬಟ್ಟೆ ಮುಚ್ಚಿದ ಕೀಬೋರ್ಡು. ನಮ್ಮ ಶಾಲೆಯವರು ಬಂದಿದ್ದರು, ಲಾಲಸಾಬ್‌ನ ಮೇಳದ ಇಬ್ಬರು ಆಲಮೇಲದಿಂದ ಬಂದಿದ್ದರು, ಮಲ್ಲಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಅಕ್ಕೋರು ಬಿಳಿ ಸೀರೆ ಉಟ್ಟಿದ್ದರು, ಸ್ಕಾರ್ಫ್ ಇರಲಿಲ್ಲ. ಗಂಟು ಎಲ್ಲರಿಗೂ ಕಾಣುತ್ತಿತ್ತು, ಅದರ ಬಗ್ಗೆ ಅವರಿಗೆ ಗೊಡವೆಯೇ ಇರಲಿಲ್ಲ.

ಮೊದಲ ನಾಲ್ಕು ಹಾಡು ಸರಿಹೋದವು. ಯಾರೂ ಎದ್ದು ಹೋಗಲಿಲ್ಲ. ಜೋಗುಳದ ಮೊದಲ ಚರಣ ಹೋಯಿತು, ಎರಡನೆಯದು ಹೋಯಿತು. ನಾಲ್ಕು ಧ್ವನಿಗಳು ಆ ಚಿಕ್ಕ ಮಂದಿರದಲ್ಲಿ ನಡೆಯುತ್ತಿರುವಾಗ ನಾನು ಇಷ್ಟು ವರ್ಷ ಏನು ಕಲಿತೆ ಎಂಬುದು ನನಗೆ ಆಗ ಗೊತ್ತಾಯಿತು. ಲಾಲಸಾಬ್ ಕಣ್ಣು ಮುಚ್ಚಿದ್ದ. ಮೂರನೆಯ ಚರಣದಲ್ಲಿ ಮೇಲಿನ ಸಾಲು ಒಂದು ಉದ್ದನೆಯ ಏರಿಕೆ ಏರುತ್ತದೆ, ತಾಯಿ ಮಗುವಿನ ಕೈ ಹಿಡಿದು ನೋಡುವ ಜಾಗ. ಅಕ್ಕೋರು ಅರ್ಧ ಏರಿದ್ದರು. ಅಲ್ಲಿ ಧ್ವನಿ ಕಡಿಯಿತು.

ಬೇಕೆಂದೇ ಬಿದ್ದದ್ದಲ್ಲ ಎಂಬುದು ನಮಗೆ ಆ ಕ್ಷಣಕ್ಕೇ ತಿಳಿಯಿತು. ಗಂಟಲಿನಿಂದ ಬರೀ ಗಾಳಿ ಬಂತು. ಎಡಗೈ ಕುತ್ತಿಗೆಗೆ ಹೋಯಿತು. ಬಲಗೈ ಮೇಲೆದ್ದಿತು, ಒಂದು ಬೆರಳು.

ಇರಿ, ಬರುತ್ತೇನೆ.

ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಿಕೊಂಡು ಬದುಕಬಹುದಿತ್ತು, ಆದರೆ ನೋಡಿದೆ. ನೋಡಿಯೂ ನನ್ನ ಸಾಲು ಬಿಟ್ಟು ಅವರ ಸಾಲಿಗೆ ಹೋದೆ. ಮೊದಲು ಹೋದವನು ನಾನು. ನನ್ನ ಹಿಂದೆ ಲಾಲಸಾಬ್ ಬಂದ, ಕರುಣಾ ಬಂದಳು. ಭಜನೆಯಲ್ಲಿ ಸೋತವನನ್ನು ಎತ್ತುವಾಗ ಹೇಗೆ ಎದೆ ಬಿಚ್ಚಿ ಹಾಡುತ್ತೇವೋ ಹಾಗೆ ಮೂವರೂ ಗಟ್ಟಿಯಾಗಿ ಅವರ ಸಾಲನ್ನು ಎತ್ತಿಕೊಂಡು ಹೋಗಿ ಹಾಡನ್ನು ದಡ ಸೇರಿಸಿದೆವು. ನಾಲ್ಕಿದ್ದದ್ದು ಒಂದಾಯಿತು. ಎರಡು ಉಸಿರಿನ ನಂತರ ಅಕ್ಕೋರು ಬಾಯಿ ತೆರೆದದ್ದು ನನಗೆ ಕಂಡಿತು. ಬರಲು ನೋಡಿದರು. ಕೆಳಗೆ ಯಾವ ಸಾಲೂ ಇರಲಿಲ್ಲ, ಹಿಡಿದುಕೊಂಡು ಏಳಲು ಏನೂ ಇರಲಿಲ್ಲ. ಬಾಯಿ ಮುಚ್ಚಿದರು. ಬೆರಳು ಮಾತ್ರ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಇಳಿಯಿತು.

ಚಪ್ಪಾಳೆ ಜೋರಾಗಿ ಬಿತ್ತು. ಪಾಸ್ಟರು ಕಣ್ಣೊರೆಸಿಕೊಂಡು ಮುಂದೆ ಬಂದು, ನಾಲ್ಕು ಧ್ವನಿಗಳು ಕಡೆಗೆ ಒಂದೇ ಧ್ವನಿಯಾದವು, ಇದಕ್ಕಿಂತ ದೊಡ್ಡ ಸಂದೇಶ ಏನಿದೆ ಎಂದರು. ಹಾಡು ಇರುವುದೇ ಹಾಗೆ ಎಂದು ಎಲ್ಲರೂ ತಿಳಿದರು. ಅಕ್ಕೋರು ನೋಟ್‌ಬುಕ್ ಮಡಚಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಕೀಬೋರ್ಡು ಶುರುವಾಯಿತು. ಕೇಕಿನ ತಟ್ಟೆ ಅವರ ತನಕ ಬಂದಾಗ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿದರು.

ಮೂರು ದಿನದ ನಂತರ ನಾನು ಅವರ ಮನೆಗೆ ಹೋದೆ. ಧ್ವನಿ ಆ ಸಂಜೆ ಕಡಿದದ್ದು ತಿರುಗಿ ಬಂದಿರಲಿಲ್ಲ, ಬರೀ ಪಿಸುಮಾತು. ಹಾಗಿದ್ದರೂ ಅವರು ಕೇಳಬೇಕಾದದ್ದನ್ನು ಬಿಡಲಿಲ್ಲ.

“ಬೆರಳ ಎತ್ತಿದ್ದೆ. ಕಾಣಲಿಲ್ಲೇನು?”

“ಕಂಡಿತ್ರಿ.”

“ಮತ್ತ?”

“ಹೆದರಿಕಿ ಆತ್ರಿ ಅಕ್ಕೋರ.”

“ನನಗ ಏನರ ಆತು ಅಂತ ಹೆದರಿದ್ರೊ, ಮಂದಿ ಮುಂದ ಹಾಡ ಕೆಡ್ತೈತಿ ಅಂತ ಹೆದರಿದ್ರೊ?”

ಸುಳ್ಳು ಹೇಳಬಹುದಿತ್ತು. ಗಣಿತದ ಟೀಚರ ಮುಂದೆ ಅದು ನಡೆಯುವುದಿಲ್ಲ ಎಂಬುದು ಗೊತ್ತಿತ್ತು. “ಹಾಡ ಕೆಡ್ತೈತಿ ಅಂತ್ರಿ,” ಎಂದೆ.

ಅವರು ತಲೆಯಾಡಿಸಿದರು. ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. “ನನ್ನ ಜಾಗಾದಾಗ ಮೂರೂ ಮಂದಿ ಬಂದು ನಿಂತ್ರಿ,” ಎಂದರು. “ನಾ ಎಲ್ಲಿ ನಿಂದ್ರಲಿ?”

ಜನವರಿಯಲ್ಲಿ ಆಪರೇಷನ್ ಆಯಿತು. ಗಂಟಿನ ಜೊತೆ ಧ್ವನಿ ಹೋಯಿತು, ಉಸಿರಾಡಲು ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಇಟ್ಟರು. ಬೇರು ಒಳಗೆ ಹರಡಿತ್ತು, ಪೂರ್ತಿ ತೆಗೆಯಲು ಆಗಲಿಲ್ಲ. ಏಳು ವಾರ ಮೊದಲು ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ಹೇಳಲಿಲ್ಲ, ನಾನು ಕೇಳಲಿಲ್ಲ. ಕರುಣಾಗೆ ಗೊತ್ತಿತ್ತು. ಸೊಲ್ಲಾಪುರದಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದೆ. ಅವಳ ಮುಖ ನೋಡುವ ಧೈರ್ಯವಾಗದೆ ಇಂಡಿಯವರೆಗೂ ಕಿಟಕಿಯ ಹೊರಗೆ ನೋಡುತ್ತ ಬಂದೆ.

ಫೆಬ್ರವರಿಯ ಒಂದು ಶನಿವಾರ ನಮ್ಮ ಮೂವರಿಗೂ ಕರೆ ಬಂತು. ಹೋದರೆ ಅಕ್ಕೋರು ಟೇಬಲ್ಲಿನ ಮುಂದೆ ಕೂತಿದ್ದಾರೆ. ಕುತ್ತಿಗೆಯಲ್ಲಿ ನಳಿಕೆ, ತೊಡೆಯ ಮೇಲೆ ಮಕ್ಕಳ ಸ್ಲೇಟು, ಟೇಬಲ್ಲಿನ ಮೇಲೆ ಲೋಟ. ಸ್ಲೇಟಿನ ಮೇಲೆ ಮೊದಲೇ ಬರೆದಿಟ್ಟಿದ್ದರು: “ಜೋಗುಳ. ಮೂರು ಮಂದಿ. ನನ್ನ ಸಾಲಿಗೆ ಬಂದರೆ ಲೋಟ.”

“ಯಾಕ್ರಿ ಅಕ್ಕೋರ? ಇನ್ನ ಯಾರ ಸಲುವಾಗಿ?” ಎಂದು ಕರುಣಾ ಕೇಳಿದಳು. ಅವರು ಸ್ಲೇಟು ಒರೆಸಿ ಬರೆದರು: “ಹಾಡು.”

ಹಾಡಿದೆವು. ಮೇಲಿನ ಸಾಲು ಇಲ್ಲದೆ ಆ ಹಾಡು ಹಾಡುವುದು ಎಷ್ಟು ಕಷ್ಟ ಎಂದು ಹಾಡಿದವರಿಗೇ ಗೊತ್ತು. ಕಿವಿ ಅದನ್ನೇ ಹುಡುಕುತ್ತದೆ, ಬಾಯಿ ಅದರ ಕಡೆಗೇ ಎಳೆಯುತ್ತದೆ. ಮೊದಲ ತಿಂಗಳು ಒಂದು ಚರಣವೂ ದಾಟಲಿಲ್ಲ. ಪ್ರತಿ ಸಲ ನಾನೇ ಮೊದಲು ಜಾರುತ್ತಿದ್ದೆ, ಪ್ರತಿ ಸಲ ಲೋಟ ಬೀಳುತ್ತಿತ್ತು, ಸ್ಲೇಟಿನಲ್ಲಿ ‘ಮತ್ತ’ ಎಂಬ ಒಂದೇ ಶಬ್ದ. ನಾವು ಹಾಡುವಾಗ ಅವರ ತುಟಿಗಳು ಅಲುಗಾಡುತ್ತಿದ್ದವು. ಅವರ ಸಾಲನ್ನು ಅವರು ಹಾಡುತ್ತಿದ್ದರು. ನಳಿಕೆಯಿಂದ ಗಾಳಿಯ ಸಪ್ಪಳ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಬದುವಿನ ಮೇಲೆ ಮಲ್ಲಪ್ಪ ಕೂತಿರುತ್ತಿದ್ದ, ಆದರೆ ಈಗ ಅವನು ಕೂಗಿ ಮಾತಾಡಿಸುತ್ತಿರಲಿಲ್ಲ.

ಬೇಸಿಗೆ ಹೋಯಿತು. ಅವರು ಸೊರಗುತ್ತ ಹೋದರು. ಲೋಟದ ಏಟು ಮೆಲ್ಲಗಾಯಿತು, ಆಮೇಲೆ ಬೆರಳಿನಿಂದ ಟೇಬಲ್ ತಟ್ಟುತ್ತಿದ್ದರು. ಮಳೆಗಾಲದ ಒಂದು ಶನಿವಾರ ಮೂವರೂ ಮೂರು ಚರಣ ತಪ್ಪದೆ ಮುಗಿಸಿದೆವು. ಯಾರೂ ಜಾರಲಿಲ್ಲ. ನಾವು ಮಕ್ಕಳ ಹಾಗೆ ಅವರ ಮುಖ ನೋಡುತ್ತ ನಿಂತೆವು. ಅವರು ಬಹಳ ಹೊತ್ತು ತೆಗೆದುಕೊಂಡು ಸ್ಲೇಟಿನ ಮೇಲೆ ಬರೆದರು. ಲಾಲಸಾಬ್ ಓದಿದ: “ಲಾಲಸಾಬ್, ಮೂರನೆ ಚರಣದಾಗ ಅವಸರ.” ಅವನು ನಗಲು ಹೋಗಿ ಅತ್ತ.

ಅಕ್ಟೋಬರಿನಲ್ಲಿ ಹಿಂಗಾರಿ ಬಿತ್ತನೆ ನಡೆದಿದ್ದಾಗ ಅವರು ಹೋದರು. ಬೆಳಿಗ್ಗೆ, ಕರುಣಾ ನಳಿಕೆ ಸ್ವಚ್ಛ ಮಾಡುತ್ತಿದ್ದಾಗ. ಕೊನೆಗೆ ಏನಾದರೂ ಬರೆದರೇ ಎಂದು ಎಲ್ಲರೂ ಕೇಳಿದರು. ಏನೂ ಬರೆದಿರಲಿಲ್ಲ. ಸ್ಲೇಟು ಒರೆಸಿ ಇಟ್ಟಿತ್ತು.

ಮಣ್ಣು ಮಾಡುವ ಜಾಗ ಊರ ಹೊರಗೆ, ಸುತ್ತಲೂ ಕರಿಮಣ್ಣಿನ ಹೊಲ. ಶಾಲೆಯವರು, ಹಳೆಯ ವಿದ್ಯಾರ್ಥಿಗಳು, ಆಲಮೇಲದವರು, ಬ್ಯಾಂಕಿನವರು, ಗಣಿತದಲ್ಲಿ ಅವರಿಂದ ಪೆಟ್ಟು ತಿಂದ ಅರ್ಧ ಊರು ಬಂದಿತ್ತು. ಪಾಸ್ಟರು ಪ್ರಾರ್ಥನೆ ಮುಗಿಸಿ ನಮ್ಮ ಕಡೆ ನೋಡಿದರು. ನಾವು ಮೂವರು ಗುಂಡಿಯ ತಲೆಯ ಕಡೆ ನಿಂತು ಜೋಗುಳ ಶುರು ಮಾಡಿದೆವು.

ಮೊದಲ ಚರಣ. ಎರಡನೆಯದು. ಬಯಲಿನಲ್ಲಿ ಧ್ವನಿ ನಿಲ್ಲುವುದಿಲ್ಲ, ಗಾಳಿ ಎತ್ತಿಕೊಂಡು ಹೋಗುತ್ತದೆ. ಮೂರನೆಯ ಚರಣದ ಆ ಜಾಗ ಬಂತು. ನನ್ನ ಗಂಟಲು ಮೇಲಕ್ಕೆ ಎದ್ದಿತು. ಅದು ಏಳುವುದು ನನಗೆ ಗೊತ್ತಾಯಿತು, ಎತ್ತಿಕೋ, ಎತ್ತಿಕೋ ಎಂದು. ಲೋಟ ಹಿಡಿದವರು ಪೆಟ್ಟಿಗೆಯೊಳಗೆ ಇದ್ದರು, ಇನ್ನು ಬಡಿಯುವವರು ಯಾರೂ ಇರಲಿಲ್ಲ. ನಾನು ನನ್ನ ಸಾಲಿನಲ್ಲೇ ಇಳಿದೆ. ಕರುಣಾ ಅವಳ ಸಾಲಿನಲ್ಲಿ ನಡೆದಳು. ಲಾಲಸಾಬ್‌ನ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು, ಧ್ವನಿ ಅಲುಗಾಡಲಿಲ್ಲ, ಅವಸರ ಮಾಡಲಿಲ್ಲ. ಮೇಲೆ ಏನೂ ಇರಲಿಲ್ಲ. ಏರಿಕೆ ಇರಬೇಕಾದ ಅಷ್ಟೂ ಹೊತ್ತು ಏನೂ ಇರಲಿಲ್ಲ. ಅವರು ಬಂದು ಸೇರಲಿಲ್ಲ, ಸೇರುವುದಿಲ್ಲ ಎಂದು ಗೊತ್ತಿದ್ದೂ ನಾವು ಕೊನೆಯ ನೆಲೆಯವರೆಗೆ ನಡೆದೆವು.

ಈ ಸಲ ಚಪ್ಪಾಳೆ ಇರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಣ್ಣು ಹಾಕಿದರು, ಒಬ್ಬೊಬ್ಬರೇ ಹೊರಟರು.

ನಾವು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮಲ್ಲಪ್ಪ ಹತ್ತಿರ ಬಂದ. ಬಿತ್ತನೆ ಬಿಟ್ಟು ಹಾಗೇ ಬಂದಿದ್ದ, ಕಾಲಿಗೆಲ್ಲ ಮಣ್ಣು. ಅವನ ಮುಖದಲ್ಲಿ ಬೇಜಾರಿತ್ತು, ನಮ್ಮ ಮೇಲಿನ ಬೇಜಾರು.

“ಮ್ಯಾಲಿನ ಸಾಲ ಖಾಲಿ ಬಿಟ್ರಲ್ರಿ ಸರ,” ಎಂದ. “ನಿಮ್ಮ ಮೂವರಾಗ ಒಬ್ಬರರ ಹಿಡೀಬೇಕಾಗಿತ್ತು. ಪಾಪ, ಅಕ್ಕೋರ ಕಡೀ ಹಾಡು.”

ಲಾಲಸಾಬ್ ಮುಖ ಒರೆಸಿಕೊಂಡು ಅವನ ಕಡೆ ತಿರುಗಿದ.

“ಅದು ಅವರ ಜಾಗಾ ಐತ್ರಿ,” ಎಂದ. “ನಾವ ಹಿಡದ್ರ ಅವರು ಎಲ್ಲಿ ನಿಂದ್ರಬೇಕು?”